ಬೇಲೂರಿಗೆ ಹೊರಟ ರ‍್ಯಾಮ್ ಪಟ್ಟಿ

ಬೇಲೂರು ಹಳೇಬೀಡುಗಳ ಶಿಲ್ಪವೈಭವವನ್ನು ಕಾಣಹೊರಟ ಅನೇಕರಿಗೆ ಅರಸೀಕೆರೆಯೆಂದರೆ ರೈಲಿನಿಂದಿಳಿದು ಬಸ್ಸು ಹಿಡಿಯುವ ಜಂಕ್ಷನ್ ಮಾತ್ರ. ಕೊಬ್ಬರಿ ಮಂಡಿಗಳ ಈ ಊರಿನಲ್ಲಿ ಹೊಯ್ಸಳರ ಈಶ್ವರ ದೇವಾಲಯವೂ ಉಂಟು. ಅದರ ನಕ್ಷತ್ರಾಕಾರದ ಮುಖಮಂಟಪವನ್ನು ನೋಡದೆ ಹೋಗುವವರು ಕಳೆದುಕೊಳ್ಳುವುದು ಅಲ್ಪವಲ್ಲ.

ಪೇಟೆಯ ಡಿ.ಟಿ.ಪಿ. ಅಂಗಡಿಯೊಂದರ ಯಜಮಾನರಿಗೆ ಆ ಬೆಳಗ್ಗೆ ಶಿಲ್ಪದ ಚಿಂತೆಯಿರಲಿಲ್ಲ. ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ನುಡಿ ಅಕ್ಷರಗಳು—ಈ ಮೂರರ ಬಲದಿಂದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳನ್ನು ಹೊರತಂದು ಅವರು ಮಕ್ಕಳನ್ನು ಓದಿಸಿದ್ದರು. ಹಳೆಯ ನುಡಿಯಲ್ಲಿ ಕೂಡಿಸಿಟ್ಟ ಬರಹವನ್ನು ಅದೇ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಗುರುತುಗಳ ರಾಶಿ. ಹೊಸ ಗಣಕಯಂತ್ರ ಕೊಳ್ಳುವುದೆಂದರೆ ಬರಿಯ ಹಣದ ಮಾತಲ್ಲ. ಕಸುಬಿನ ಕಡತವನ್ನೇ ಪಣಕ್ಕಿಟ್ಟಂತೆ.

ಆದರೆ ವಧೂವರರ ಭಾರಿ ಭಾವಚಿತ್ರಗಳನ್ನು ಪತ್ರಿಕೆಗೆ ಹಾಕಿಸುವ ಚಪಲ ಜನಕ್ಕೆ ಹತ್ತಿದ ಮೇಲೆ ಯಂತ್ರ ಏದುಸಿರು ಬಿಡತೊಡಗಿತ್ತು. ಅಡುಗೆಕಟ್ಟೆ ಕಿರಿದಾದರೆ ಪಾತ್ರೆಗಾಗಿ ಮತ್ತೆ ಮತ್ತೆ ಅಟ್ಟ ಹತ್ತಬೇಕಲ್ಲವೆ? ರ‍್ಯಾಮ್ ಸಾಲದ ಗಣಕವೂ ಹಾಗೆಯೇ ಮಾತುಮಾತಿಗೆ ಡಿಸ್ಕಿನತ್ತ ಓಡುತ್ತದೆ. “ಎಂಟು ಜಿ.ಬಿ. ಹಾಕಿಸಿಬಿಡಿ” ಎಂದಿದ್ದ ವ್ಯಾಪಾರಿಯೊಬ್ಬ. ಬೇಲೂರಿನ ಗಿರಾಕಿಗೆ ಪತ್ರಿಕೆಯ ಕಟ್ಟು ತಲಪಿಸುವ ನೆಪದಲ್ಲಿ, ಅಲ್ಲಿನ ರಿಪೇರಿಯವನನ್ನೂ ಕೇಳೋಣವೆಂದು, ಯಜಮಾನರು ಹಳೆಯ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟು ಬಸ್ಸು ಹತ್ತಿದರು.

ಜಾವಗಲ್ಲನ್ನು ದಾಟಿದ ಬಸ್ಸು ಹಳೇಬೀಡಿನಲ್ಲಿ ಪ್ರವಾಸಿಗರನ್ನಿಳಿಸಿತು. ಶಿಖರವಿಲ್ಲದ ಹೊಯ್ಸಳೇಶ್ವರ, ಕೆಳಪಟ್ಟಿಕೆಯಲ್ಲಿ ಸಾಲುಗೊಂಡ ಆನೆಗಳು. 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇವನ್ನು ವರ್ಣಿಸುವ ಲೇಖನಿಗಳಿಗೆ ಬರವಿಲ್ಲ. ಅಲ್ಲಿಂದ ಬೇಲೂರಿಗೆ 16 ಕಿಲೋಮೀಟರು.

ರಿಪೇರಿಯವನು ಊಟಕ್ಕೆ ಹೋಗಿದ್ದ. ಯಜಮಾನರು ಚೆನ್ನಕೇಶವನ ಸನ್ನಿಧಿಯಲ್ಲಿ ಕುಳಿತರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದಾಗ ಈ ನವರಂಗ ತೆರೆದ ಮಂಟಪವಾಗಿತ್ತು. ಕಂಬಗಳ ನಡುವಣ ಜಾಲಂದ್ರಗಳು ಇಮ್ಮಡಿ ಬಲ್ಲಾಳನ ಕಾಲದ ಸೇರ್ಪಡೆ. ಇದ್ದ ಕಂಬವನ್ನು ಕದಲಿಸದೆ, ಇದ್ದ ತೆರಪನ್ನು ಅಳೆದು ಕೂರಿಸಿದ ಕೆಲಸ. ತಾವು ಎಷ್ಟೋ ಸಲ ಕಂಡ ಆ ಕಲ್ಲಿನ ಕಿಂಡಿಗಳನ್ನು ಯಜಮಾನರು ಅಂದು ಬಹಳ ಹೊತ್ತು ನೋಡಿದರು.

“ಎಂಟು ಜಿ.ಬಿ. ಹಾಕಿ ಏನು ಮಾಡುತ್ತೀರಿ ಸ್ವಾಮಿ?” ಎಂದ ರಿಪೇರಿಯವನು. “ನಿಮ್ಮ ಎಕ್ಸ್‌ಪಿ 32 ಬಿಟ್ಟಿನದು. ಬಾಗಿಲಿಗೆ ಅಂಟಿಸುವ ನಂಬರೇ ಅದರ ಬಳಿ ನಾಲ್ಕು ಜಿ.ಬಿ.ಗೆ ಮುಗಿಯಿತು. ಅದರಲ್ಲೂ ಗ್ರಾಫಿಕ್ಸ್ ಮೊದಲಾದವು ಒಂದಿಷ್ಟು ನಂಬರು ಹಿಡಿದುಕೊಂಡು, ನಿಮಗೆ ಉಳಿಯುವುದು ಮೂರೂಕಾಲೋ ಮೂರೂವರೆಯೋ. ಮಿಕ್ಕದ್ದು ಬಾಡಿಗೆಗೆ ಹೋಗದ ಮನೆ.”

“64 ಬಿಟ್ಟಿನ ವಿಂಡೋಸಿಗೆ ಬದಲಾಯಿಸಿದರೆ?”

“ಹಳೆಯ ಪ್ರಿಂಟರಿಗೆ ಅದಕ್ಕೊಪ್ಪುವ ಡ್ರೈವರ್ ಸಿಕ್ಕೀತೆ? ಅದನ್ನು ಮೊದಲು ನೋಡಿ.”

ಅವನು ಪಟ್ಟಿಯನ್ನು ಬೆಳಕಿಗೆ ಹಿಡಿದ. ಒಂದು ಜಿ.ಬಿ.ಯ ಡಿ.ಡಿ.ಆರ್.2. ಅದಕ್ಕೂ ಡಿ.ಡಿ.ಆರ್.3ಕ್ಕೂ 240 ಪಿನ್ನುಗಳೇ ಆದರೂ ನಡುವಣ ಕಚ್ಚಿನ ಸ್ಥಾನ ಬೇರೆ, 1.8 ವೋಲ್ಟಿನದು ಅದು, 1.5ರದು ಇದು. ಅಗ್ಗವೆಂದು ತಂದು ಒತ್ತಿ ಕೂರಿಸಲು ಹೋದರೆ ಕಿಂಡಿಯೇ ಮುರಿದೀತು. ಕಿಂಡಿಯೊಂದಕ್ಕೆ ಎರಡು ಜಿ.ಬಿ.ಗಿಂತ ಹೆಚ್ಚನ್ನು ಒಪ್ಪದ ಮದರ್‌ಬೋರ್ಡುಗಳೂ ಉಂಟು. ಖಾಲಿಯಿರುವ ಎರಡನೆಯ ಕಿಂಡಿಗೆ ಎರಡು ಜಿ.ಬಿ.ಯ ಹಳೆಯ ಪಟ್ಟಿಯೊಂದನ್ನು ಅವನು ಹುಡುಕಿಕೊಟ್ಟ; ಒಟ್ಟು ಮೂರು. ಕೊಡುವಾಗ ಇನ್ನೊಂದು ಮಾತು ಹೇಳಿದ: “2014ರ ಏಪ್ರಿಲ್ 8ರಿಂದ ಎಕ್ಸ್‌ಪಿಗೆ ಕಾವಲುಗಾರನಿಲ್ಲ. ಇಂಟರ್ನೆಟ್ಟಿಗೆ ಸೇರಿಸಬೇಡಿ. ಕಡತಗಳದ್ದು ಇನ್ನೆರಡು ಪ್ರತಿ ಬೇರೆ ಕಡೆ ಇಡಿ. ರ‍್ಯಾಮು ಯಂತ್ರವನ್ನು ಚುರುಕುಮಾಡೀತು, ಕೆಟ್ಟ ಡಿಸ್ಕನ್ನು ಉಳಿಸಲಾರದು.”

ಸಂಜೆ ಅರಸೀಕೆರೆಯಲ್ಲಿ ಯಜಮಾನರು ವಿದ್ಯುತ್ತಿನ ಪ್ಲಗ್ಗು ಕಿತ್ತು, ಧೂಳೊರಸಿ, ಪಟ್ಟಿಗಳೆರಡನ್ನೂ ಕೂರಿಸಿದರು. ಯಂತ್ರ ಮೂರು ಜಿ.ಬಿ.ಯನ್ನು ಎಣಿಸಿತು. ಮರುದಿನ ಅಚ್ಚಿಗೆ ಹೋಗಬೇಕಾದ ಲಗ್ನಪತ್ರಿಕೆಯನ್ನು ತೆರೆದರು. ತರಿಸಿದ ಕಾಫಿ ಆರುವ ಮೊದಲೇ ವಧೂವರರು ಪರದೆಯ ಮೇಲೆ ನಗುತ್ತಿದ್ದರು.