ಬಿಸಿಲನ್ನು ಬಲ್ಲ ಗೋಡೆಗಳು

ಅಹಮದಾಬಾದು ಪ್ರವಾಸಿಗನನ್ನು ಬಿಸಿಲಿನಿಂದಲೇ ಸ್ವಾಗತಿಸುವ ಊರು. ಮೇ ತಿಂಗಳ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಸಾಬರಮತಿಯ ಸೇತುವೆಯೊಂದರ ಮೇಲೆ ನಿಂತವನಿಗೆ ಎರಡು ದಡಗಳಲ್ಲಿ ಎರಡು ನಗರಗಳು ಕಾಣುತ್ತವೆ. ಪೂರ್ವದಲ್ಲಿ 1411ರಲ್ಲಿ ಸುಲ್ತಾನ ಅಹಮದ್ ಷಾ ನೆಲೆಗೊಳಿಸಿದ ಹಳೆಯ ಪಟ್ಟಣ. ಪಶ್ಚಿಮದಲ್ಲಿ ಇಪ್ಪತ್ತನೆಯ ಶತಮಾನದ ಹೊಸ ಬಡಾವಣೆಗಳು. ಯಾತ್ರಿಕರು ಸಾಮಾನ್ಯವಾಗಿ ಹಳೆಯ ಪಟ್ಟಣವನ್ನು ಸುತ್ತಿ, ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಂದ್ರವನ್ನು ಕಣ್ತುಂಬ ನೋಡಿ, ಊರ ಹೊರಗಿನ ಅಡಾಲಜ್ ಮೆಟ್ಟಿಲುಬಾವಿಗೆ ಇಳಿದು, ಗಾಂಧೀಜಿಯ ಆಶ್ರಮಕ್ಕೆ ನಮಸ್ಕರಿಸಿ ರೈಲು ಹತ್ತುತ್ತಾರೆ. ಪಶ್ಚಿಮದ ದಡದಲ್ಲಿ, ಕೆಲವೇ ಮೈಲಿಗಳ ಅಂತರದಲ್ಲಿ, ಜಗತ್ತಿನ ವಾಸ್ತುಶಿಲ್ಪಿಗಳು ವಿಮಾನವೇರಿ ಬಂದು ನೋಡಿಹೋಗುವ ಹಲವು ಕಟ್ಟಡಗಳಿವೆ ಎಂಬುದು ಅವರಲ್ಲಿ ಅನೇಕರಿಗೆ ತಿಳಿಯದೆಯೇ ಹೋಗುತ್ತದೆ.

ಹಾಗೆಂದು ಈ ಎರಡು ದಡಗಳು ಒಂದಕ್ಕೊಂದು ಅಪರಿಚಿತವಲ್ಲ. ಹಳೆಯ ಪಟ್ಟಣದ ಕೇರಿಗಳಿಗೆ 'ಪೋಳ್' ಎಂದು ಹೆಸರು. ಒಂದೇ ಬಾಗಿಲಿನ ಇಕ್ಕಟ್ಟಾದ ಓಣಿ. ಇಕ್ಕೆಲದ ಮನೆಗಳು ಒಂದಕ್ಕೊಂದು ನೆರಳು ಕೊಡುವಷ್ಟು ಹತ್ತಿರ. ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ. ಆ ಅಂಗಳದ ಕೆಳಗೆ ಮಳೆಯ ನೀರನ್ನು ಕೂಡಿಡುವ ನೆಲದೊಳಗಿನ ತೊಟ್ಟಿ. ಮಲೆನಾಡಿನ ತೊಟ್ಟಿಮನೆಯನ್ನು ಕಂಡವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಮಳೆಗೆ ಹೆದರಿ ಮಾಡಿದುದನ್ನು ಇಲ್ಲಿ ಬಿಸಿಲಿಗೆ ಹೆದರಿ ಮಾಡಿದ್ದಾರೆ, ಅಷ್ಟೆ. ಜಾಲಂದ್ರವು ಬೆಳಕನ್ನು ಸೋಸುತ್ತದೆ, ಗಾಳಿಯನ್ನು ಬಿಡುತ್ತದೆ. ಮೆಟ್ಟಿಲುಬಾವಿಯ ಒಂದೊಂದು ಅಂತಸ್ತು ಇಳಿದಂತೆಲ್ಲ ಮೈಗೆ ತಂಪು ತಾಗುತ್ತದೆ. ಈ ಊರಿನ ಶಿಲ್ಪಕ್ಕೆ ಸೌಂದರ್ಯವೂ ಉಪಯೋಗವೂ ಬೇರೆಬೇರೆಯಾಗಿರಲಿಲ್ಲ.

ಗಿರಣಿಯ ಹಣ, ಹೊಸ ಮನಸ್ಸು

ಹೊಸ ಕಟ್ಟಡಗಳ ಕಥೆ ಬಟ್ಟೆಯ ಗಿರಣಿಗಳಿಂದ ಆರಂಭವಾಗುತ್ತದೆ. ಅಹಮದಾಬಾದಿನ ಗಿರಣಿ ಮಾಲೀಕರು ಹಣವನ್ನು ಗಳಿಸಿದಷ್ಟೇ ಶ್ರದ್ಧೆಯಿಂದ ಸಂಸ್ಥೆಗಳನ್ನೂ ಕಟ್ಟಿದರು. ಕಸ್ತೂರಭಾಯಿ ಲಾಲಭಾಯಿ, ಸಾರಾಭಾಯಿ ಮನೆತನದವರು, ಹಠೀಸಿಂಗ್ ಮನೆತನದವರು ಇವರಲ್ಲಿ ಪ್ರಮುಖರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಹೊಸ ದೇಶಕ್ಕೆ ತಕ್ಕ ಹೊಸ ಕಟ್ಟಡ ಹೇಗಿರಬೇಕು ಎಂಬ ಪ್ರಶ್ನೆ ಎಲ್ಲೆಡೆ ಎದ್ದಿತ್ತು. ಗೋಪುರ, ಕಮಲ, ಕಳಶಗಳನ್ನು ಕಾಂಕ್ರೀಟಿನ ಮೇಲೆ ಕೂರಿಸಿದರೆ ಭಾರತೀಯತೆ ಬಂದೀತೆಂದು ಕೆಲವರ ಮತ. ಪಶ್ಚಿಮದ ಗಾಜಿನ ಪೆಟ್ಟಿಗೆಗಳನ್ನು ಹಾಗೆಯೇ ತಂದಿಳಿಸಿದರೆ ಆಧುನಿಕತೆ ಬಂದೀತೆಂದು ಮತ್ತೆ ಕೆಲವರ ಮತ. ಅಹಮದಾಬಾದು ಈ ಎರಡನ್ನೂ ಬಿಟ್ಟು ಮೂರನೆಯದೊಂದು ದಾರಿಯನ್ನು ಹಿಡಿಯಿತು.

ಚಂಡೀಗಢದ ಕೆಲಸಕ್ಕೆಂದು 1951ರಲ್ಲಿ ಭಾರತಕ್ಕೆ ಬಂದ ಲ ಕಾರ್ಬುಸಿಯೇ ಅವರನ್ನು ಈ ಊರಿನವರು ಅದೇ ವರ್ಷ ಕರೆಸಿಕೊಂಡರು. ಅವರ ನಾಲ್ಕು ಕಟ್ಟಡಗಳು ಇಲ್ಲಿವೆ: ಒಂದು ವಸ್ತುಸಂಗ್ರಹಾಲಯ, ಎರಡು ಮನೆಗಳು, ಆಶ್ರಮ ರಸ್ತೆಯಲ್ಲಿರುವ ಗಿರಣಿ ಮಾಲೀಕರ ಸಂಘದ ಭವನ. 1954ರಲ್ಲಿ ಮುಗಿದ ಈ ಭವನವನ್ನು ಬಿಸಿಲಿಗೆ ಬರೆದ ಉತ್ತರವೆಂದೇ ಓದಬಹುದು. ಉತ್ತರ ದಕ್ಷಿಣಗಳಲ್ಲಿ ಹೆಚ್ಚು ಕಡಿಮೆ ಮುಚ್ಚಿದ ಇಟ್ಟಿಗೆಯ ಗೋಡೆ. ಪಶ್ಚಿಮಕ್ಕೆ, ಅಂದರೆ ಸಂಜೆಯ ಸೂರ್ಯ ಕೆಂಡ ಕಾರುವ ರಸ್ತೆಯ ಕಡೆಗೆ, ಓರೆಯಾಗಿ ತಿರುಗಿಸಿ ನಿಲ್ಲಿಸಿದ ಕಾಂಕ್ರೀಟಿನ ಹಲಗೆಗಳು. ಅವು ಬಿಸಿಲನ್ನೂ ರಸ್ತೆಯ ಗದ್ದಲವನ್ನೂ ಒಟ್ಟಿಗೆ ತಡೆಯುತ್ತವೆ. ಪೂರ್ವಕ್ಕೆ, ನದಿಯ ಕಡೆಗೆ, ಅವೇ ಹಲಗೆಗಳು ನೇರವಾಗಿ ನಿಂತು ಗಾಳಿಗೆ ದಾರಿ ಬಿಡುತ್ತವೆ. ಅಂಗಳದಿಂದ ಉದ್ದನೆಯ ಇಳಿಜಾರು ಹಾದಿಯೊಂದು ಮೆಲ್ಲಗೆ ಏರಿ ಬಂದವರನ್ನು ನೇರವಾಗಿ ಮೊದಲ ಅಂತಸ್ತಿನ ನೆರಳಿಗೆ ತಲುಪಿಸುತ್ತದೆ. ಕಟ್ಟಿದ ಕಾಲದಲ್ಲಿ ಅಲ್ಲಿ ನಿಂತರೆ ನದಿಯ ಮರಳಿನ ಮೇಲೆ ಬಣ್ಣ ಹಾಕಿದ ಬಟ್ಟೆಗಳನ್ನು ಒಣಗಿಸುವವರೂ ನೀರಿಗಿಳಿದ ಎಮ್ಮೆಗಳೂ ಕಾಣುತ್ತಿದ್ದವು. ಇಂದು ಆ ಮರಳಿಲ್ಲ. ನದಿಯ ಎರಡೂ ದಂಡೆಗಳಿಗೆ ಕಾಂಕ್ರೀಟಿನ ಗೋಡೆಯೂ ಕಾಲುಹಾದಿಯೂ ಬಂದಿವೆ. ಗಾಳಿ ಮಾತ್ರ ಹಾಗೆಯೇ ಬರುತ್ತದೆ.

ಆಶ್ರಮದ ನೆರಳಿನಲ್ಲಿ

ಹೊರಗಿನವರಿಂದ ಕಲಿತದ್ದನ್ನು ನೆಲಕ್ಕೆ ಹೊಂದಿಸುವ ಕೆಲಸ ಮುಂದೆ ಭಾರತೀಯರ ಪಾಲಿಗೆ ಬಂದಿತು. 1917ರಲ್ಲಿ ಗಾಂಧೀಜಿ ನದೀತೀರದಲ್ಲಿ ನೆಲಸಿದ ಆಶ್ರಮದಲ್ಲಿ ಅವರ ಪತ್ರಗಳನ್ನೂ ಚಿತ್ರಗಳನ್ನೂ ಇಡಲು ಒಂದು ಸಂಗ್ರಹಾಲಯ ಬೇಕಾಗಿತ್ತು. ಆ ಹೊಣೆ ಇನ್ನೂ ಮೂವತ್ತು ತುಂಬದ ಚಾರ್ಲ್ಸ್ ಕೊರೆಯಾ ಅವರ ಹೆಗಲೇರಿತು. ಭವ್ಯ ಸ್ಮಾರಕವನ್ನು ಕಟ್ಟುವ ಆಸೆ ಯಾವ ತರುಣನಿಗೂ ಸಹಜವೇ. ಕೊರೆಯಾ ಕಟ್ಟಿದ್ದಾದರೋ ಹಳ್ಳಿಯ ಮನೆಗಳ ಗುಂಪಿನಂಥದನ್ನು. ಇಟ್ಟಿಗೆಯ ಕಂಬಗಳು, ಕಲ್ಲಿನ ನೆಲ, ಹೆಂಚಿನ ಮಾಡು. 6 ಮೀಟರ್ ಉದ್ದ, 6 ಮೀಟರ್ ಅಗಲದ ಚೌಕಗಳು ಒಂದರ ಪಕ್ಕದಲ್ಲೊಂದು ಸೇರುತ್ತ ಹೋಗುತ್ತವೆ. ಕೆಲವು ಚೌಕಗಳಿಗೆ ಗೋಡೆಯುಂಟು, ಕೆಲವಕ್ಕೆ ಇಲ್ಲ. ನಡುವೆ ಒಂದು ನೀರಿನ ಕೊಳ. ಕಿಟಕಿಗಳಿಗೆ ಗಾಜೇ ಇಲ್ಲ. ತೆರೆದು ಮುಚ್ಚಬಲ್ಲ ಮರದ ಪಟ್ಟಿಗಳಷ್ಟೇ. 1963ರಲ್ಲಿ ಪ್ರಧಾನಿ ನೆಹರೂ ಇದನ್ನು ಉದ್ಘಾಟಿಸಿದರು. ಮಗ್ಗುಲಲ್ಲೇ ಇರುವ ಗಾಂಧೀಜಿಯ ಮನೆ ಹೃದಯಕುಂಜಕ್ಕಿಂತ ತಲೆ ಎತ್ತಿ ನಿಲ್ಲದಿರುವುದೇ ಈ ಕಟ್ಟಡದ ದೊಡ್ಡಸ್ತಿಕೆ.

ಇಟ್ಟಿಗೆಯ ಕಮಾನುಗಳು

ಆಶ್ರಮದಿಂದ ಪಶ್ಚಿಮಕ್ಕೆ ಸಾಗಿ ವಸ್ತ್ರಾಪುರದ ಕಡೆ ಬಂದರೆ ಭಾರತೀಯ ಪ್ರಬಂಧನ ಸಂಸ್ಥೆಯ, ಅಂದರೆ ಐ.ಐ.ಎಂ.ನ ಆವರಣ. ವಿಜ್ಞಾನಿ ವಿಕ್ರಂ ಸಾರಾಭಾಯಿ ಮತ್ತು ಕಸ್ತೂರಭಾಯಿಯವರ ಪ್ರಯತ್ನದಿಂದ 1961ರಲ್ಲಿ ಹುಟ್ಟಿದ ಸಂಸ್ಥೆ ಇದು. ಇದರ ಕಟ್ಟಡಕ್ಕೆ ಅಮೆರಿಕದ ಲೂಯಿ ಕಾನ್ ಅವರನ್ನು ಕರೆತರಬೇಕೆಂದು ಸೂಚಿಸಿದವರು ಬಾಲಕೃಷ್ಣ ದೋಶಿ. ಪುಣೆಯಲ್ಲಿ 1927ರಲ್ಲಿ ಹುಟ್ಟಿದ ದೋಶಿ, ಪ್ಯಾರಿಸಿನಲ್ಲಿ ಕಾರ್ಬುಸಿಯೇ ಅವರ ಬಳಿ ದುಡಿದು, ಅವರ ಕಟ್ಟಡಗಳ ಮೇಲ್ವಿಚಾರಣೆಗೆ ಅಹಮದಾಬಾದಿಗೆ ಬಂದು, ಇಲ್ಲಿಯವರೇ ಆಗಿಬಿಟ್ಟಿದ್ದರು.

1962ರಿಂದ ಕಾನ್ ಇಲ್ಲಿ ಬಳಸಿದ್ದು ಊರಿನ ಗೂಡುಗಳಲ್ಲಿ ಸುಟ್ಟ ಸಾಮಾನ್ಯ ಇಟ್ಟಿಗೆಯನ್ನೇ. ಗಾರೆ ಮೆತ್ತಿ ಅದನ್ನು ಮರೆಮಾಡಲಿಲ್ಲ. ಗೋಡೆಗಳಲ್ಲಿ ಆಳೆತ್ತರವನ್ನು ಮೀರುವ ದುಂಡು ತೆರಪುಗಳು, ಅಗಲವಾದ ಕಮಾನುಗಳು. ಕಮಾನಿನ ಎರಡು ಕಾಲುಗಳು ಅಗಲವಾಗದಂತೆ ಹಿಡಿದಿಡುವ ಕಾಂಕ್ರೀಟಿನ ತೊಲೆಗಳು. ಹೊರಗಿನ ಗೋಡೆಗೂ ಒಳಗಿನ ಕೋಣೆಗೂ ನಡುವೆ ಆಳವಾದ ಮೊಗಸಾಲೆ. ಬೆಳಕು ಅಲ್ಲಿಯವರೆಗೆ ಬಂದು, ಬಿಸಿಯನ್ನು ಅಲ್ಲಿಯೇ ಬಿಟ್ಟು ಒಳಗೆ ಹೋಗುತ್ತದೆ. ಪಾಠದ ಕೋಣೆಯಲ್ಲಿ ಕಲಿಯುವಷ್ಟನ್ನೇ ವಿದ್ಯಾರ್ಥಿಗಳು ಈ ಮೊಗಸಾಲೆಗಳಲ್ಲಿ ಒಬ್ಬರೊಡನೊಬ್ಬರು ಮಾತನಾಡುತ್ತ ಕಲಿಯಬೇಕೆಂಬುದು ಕಾನ್ ಅವರ ಆಶಯವಾಗಿತ್ತು. 1974ರ ಮಾರ್ಚಿಯಲ್ಲಿ ಅಹಮದಾಬಾದಿನಿಂದ ಹಿಂತಿರುಗುತ್ತಿದ್ದ ಕಾನ್ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಉಳಿದ ಕೆಲಸವನ್ನು ಅವರೊಡನೆ ದುಡಿದಿದ್ದ ಅನಂತ ರಾಜೆ ಮುಂದುವರಿಸಿದರು.

ದೋಶಿ ತಮ್ಮ ಸ್ವಂತ ಕಚೇರಿ 'ಸಂಗಾತ್'ಅನ್ನು 1980ರಲ್ಲಿ ಕಟ್ಟಿಕೊಂಡಾಗ ಮೆಟ್ಟಿಲುಬಾವಿಯ ಪಾಠವನ್ನು ಮರೆಯಲಿಲ್ಲ. ಕಟ್ಟಡದ ಒಂದು ಭಾಗ ನೆಲದೊಳಗೆ ಇಳಿದಿದೆ. ಮೇಲಿನ ಕಮಾನು ಛಾವಣಿಗಳಿಗೆ ಒಡೆದ ಬಿಳಿಯ ಪಿಂಗಾಣಿಯ ಚೂರುಗಳನ್ನು ಹಚ್ಚಿ ಬಿಸಿಲನ್ನು ಹಿಂದಕ್ಕೆ ಕಳುಹಿಸಿದ್ದಾರೆ. ಮಳೆ ಬಂದಾಗ ನೀರು ಛಾವಣಿಗಳ ನಡುವಿನ ಕಾಲುವೆಗಳಲ್ಲಿ ಹರಿದು ಕೊಳವನ್ನು ಸೇರುತ್ತದೆ. ಇದೇ ದೋಶಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಅಲ್ಲಿಯ ಪ್ರಬಂಧನ ಸಂಸ್ಥೆಯನ್ನು ಕಟ್ಟಲು ಬಂದಾಗ ಅಹಮದಾಬಾದಿನ ಇಟ್ಟಿಗೆಯನ್ನು ಹೊತ್ತು ತರಲಿಲ್ಲ. ಬೆಂಗಳೂರಿನ ಬೂದು ಕಗ್ಗಲ್ಲನ್ನೇ ಒರಟಾಗಿ ಪೇರಿಸಿ, ಉದ್ದನೆಯ ಓಡುಸಾಲೆಗಳ ಮೇಲೆ ಬಳ್ಳಿ ಹಬ್ಬಲು ತೊಲೆಗಳ ಚಪ್ಪರವನ್ನಿಟ್ಟರು. ಅಲ್ಲಿಯ ಹದವಾದ ಬಿಸಿಲಿಗೆ ಅಷ್ಟು ನೆರಳು ಸಾಕು. ಒಂದೇ ಕೈ ಎರಡು ಊರುಗಳಲ್ಲಿ ಎರಡು ಬಗೆಯಾಗಿ ಕಟ್ಟಿತು. ಪ್ರಾದೇಶಿಕತೆ ಎಂದರೆ ಇದೇ. 2018ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಮೊದಲ ಬಾರಿಗೆ ಒಬ್ಬ ಭಾರತೀಯನಿಗೆ ಬಂದಿತು, ಅದು ದೋಶಿಯವರಿಗೆ. 2023ರ ಜನವರಿಯಲ್ಲಿ ಅವರು ಅಹಮದಾಬಾದಿನಲ್ಲೇ ಕಣ್ಮುಚ್ಚಿದರು.

ಚೊಂಬಿನಿಂದ ಲಾಂಛನದವರೆಗೆ

ಗೋಡೆಗಳಿಗೆ ಸಂದ ಈ ವಿವೇಕ ಕಾಗದದ ಮೇಲಿನ ವಿನ್ಯಾಸಕ್ಕೂ ಇದೇ ಊರಿನಲ್ಲಿ ಸಂದಿತು. ಭಾರತ ಸರಕಾರದ ಆಹ್ವಾನದ ಮೇಲೆ ದೇಶವನ್ನು ಸುತ್ತಿದ ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ಭಾರತದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಶ್ರೇಷ್ಠವೆಂದು ಅವರು ಮೆಚ್ಚಿದ್ದು ನಮ್ಮ ಮನೆಮನೆಯ ಚೊಂಬನ್ನು! ಅದರ ಕಂಠ ಬೆರಳಿಗೆ ಹೇಗೆ ಒದಗುತ್ತದೆ, ತುಂಬಿದಾಗಲೂ ಬರಿದಾದಾಗಲೂ ತೂಕ ಹೇಗೆ ಹೊಂದುತ್ತದೆ, ನೀರು ಹೇಗೆ ಸುರಿಯುತ್ತದೆ ಎಂದು ಅವರು ಬಿಡಿಸಿ ಬಿಡಿಸಿ ನೋಡಿದರು. ಅದನ್ನು ರೂಪಿಸಿದವನು ಒಬ್ಬನಲ್ಲ. ತಲೆತಲಾಂತರದ ಅನೇಕ ಕೈಗಳು. ಹೊಸ ಯಂತ್ರಯುಗದ ವಸ್ತುಗಳಿಗೂ ಅಂಥದೇ ತಾಳ್ಮೆಯ ಪ್ರಶ್ನೆಗಳು ಬೇಕೆಂಬುದು ವರದಿಯ ಸಾರ.

ಈ ವರದಿಯ ಫಲವಾಗಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಅಹಮದಾಬಾದಿನಲ್ಲಿ ಆರಂಭವಾಯಿತು. ಕಾರ್ಬುಸಿಯೇ ಕಟ್ಟಿದ ವಸ್ತುಸಂಗ್ರಹಾಲಯವೇ ಅದರ ಮೊದಲ ನೆಲೆ. ಅಲ್ಲಿಯೇ ಪಕ್ಕದಲ್ಲಿ ಸಂಸ್ಥೆಗೆ ಸ್ವಂತ ಕಟ್ಟಡವನ್ನು ಯೋಜಿಸಿ ಅದನ್ನು ಬೆಳೆಸಿದವರು ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗೀರಾ. ಸಂಸ್ಥೆಯ ಲಾಂಛನವನ್ನು ಬರೆದುಕೊಟ್ಟವರು ಅಚ್ಚಿನ ಅಕ್ಷರಗಳ ವಿನ್ಯಾಸದಲ್ಲಿ ಜಗತ್ಪ್ರಸಿದ್ಧರಾದ ಸ್ವಿಟ್ಜರ್ಲೆಂಡಿನ ಆಡ್ರಿಯನ್ ಫ್ರುಟಿಗರ್. ಇಲ್ಲಿ ಕಲಿತವರ ಕೈಬರೆಹ ಇಂದು ದೇಶದ ಪ್ರತಿಯೊಂದು ಊರಿನಲ್ಲೂ ಇದೆ. ನೋಡುವವರಿಗೆ ಮಾತ್ರ ಅದು ಅಹಮದಾಬಾದಿನದೆಂದು ತಿಳಿಯದು. ಸ್ಟೇಟ್ ಬ್ಯಾಂಕಿನ ನೀಲಿ ವೃತ್ತ, ಅದರ ನಡುವಿನ ಸಣ್ಣ ಬಿಳಿಯ ವೃತ್ತ, ಅದರಿಂದ ಕೆಳಗಿಳಿಯುವ ಗೆರೆ, ಇದು 1971ರಲ್ಲಿ ಶೇಖರ್ ಕಾಮತ್ ರೂಪಿಸಿದ್ದು. ಬೀಗದ ಕೈಯ ಕಂಡಿಯೆಂದು ಅದನ್ನು ನೋಡುವವರುಂಟು. ನಡುವೆ ದ್ವೀಪ, ದ್ವೀಪಕ್ಕೆ ಒಂದೇ ದಾರಿ ಇರುವ ಅಹಮದಾಬಾದಿನ ಕಂಕರಿಯಾ ಕೆರೆಯನ್ನು ಅದರಲ್ಲಿ ಕಾಣುವವರೂ ಉಂಟು. ದೂರದರ್ಶನದ ಕಣ್ಣಿನಾಕಾರದ ಲಾಂಛನವನ್ನು ಬರೆದವರೂ ಇದೇ ಸಂಸ್ಥೆಯ ವಿದ್ಯಾರ್ಥಿ ದೇವಾಶಿಷ್ ಭಟ್ಟಾಚಾರ್ಯ. ಅಕ್ಷರ ಬಾರದವರೂ ದೂರದಿಂದಲೇ ಗುರುತಿಸಬಲ್ಲ ಚಿಹ್ನೆಗಳಿವು. ಹಲವು ಲಿಪಿಗಳ ದೇಶಕ್ಕೆ ಇದಕ್ಕಿಂತ ಒಪ್ಪುವ ಬರೆಹ ಯಾವುದು?

ಎರಡು ಪಟ್ಟಿಗಳ ನಡುವೆ

ಇಷ್ಟೆಲ್ಲ ಇದ್ದೂ ಈ ಕಟ್ಟಡಗಳ ಭವಿಷ್ಯ ನಿಶ್ಚಿಂತೆಯದಲ್ಲ. ಅವನ್ನು ಕಟ್ಟಿಸಿದ ಗಿರಣಿಗಳಲ್ಲಿ ಹೆಚ್ಚಿನವು 1980ರ ನಂತರದ ವರ್ಷಗಳಲ್ಲಿ ಮುಚ್ಚಿಹೋದವು. ದೇಶದ ಪ್ರಾಚೀನ ಸ್ಮಾರಕಗಳ 1958ರ ಕಾಯಿದೆ ರಕ್ಷಿಸುವುದು ಕನಿಷ್ಠ 100 ವರ್ಷ ಹಳೆಯದಾದ ಕಟ್ಟಡವನ್ನು. 2016ರಲ್ಲಿ ಯುನೆಸ್ಕೊ ಕಾರ್ಬುಸಿಯೇ ಅವರ 17 ಕೃತಿಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಭಾರತದಿಂದ ಚಂಡೀಗಢದ ಕಟ್ಟಡಗಳಿಗೆ ಮಾತ್ರ ಸ್ಥಾನ ದೊರೆಯಿತು. ಮರುವರ್ಷ ಅಹಮದಾಬಾದಿಗೆ ಅದೇ ಗೌರವ ಬಂದಿತು, ಆದರೆ ಅದು ಕೋಟೆಯೊಳಗಿನ ಹಳೆಯ ಪಟ್ಟಣಕ್ಕೆ. ಪಶ್ಚಿಮದ ದಡ ಎರಡೂ ಪಟ್ಟಿಗಳ ಹೊರಗೆ ಉಳಿಯಿತು. ಮುದುಕನೂ ಅಲ್ಲದ ಹುಡುಗನೂ ಅಲ್ಲದ ನಡುವಯಸ್ಸು ಕಟ್ಟಡಗಳಿಗೂ ಕಷ್ಟದ ಕಾಲವೇ ಇರಬೇಕು. ದೆಹಲಿಯ ಪ್ರಗತಿ ಮೈದಾನದಲ್ಲಿ 1972ರಲ್ಲಿ ಕಟ್ಟಿದ ಪ್ರಸಿದ್ಧ 'ಹಾಲ್ ಆಫ್ ನೇಷನ್ಸ್' 2017ರಲ್ಲಿ ನೆಲಸಮವಾದದ್ದು ಇದೇ ವಯಸ್ಸಿನಲ್ಲಿ.

2020ರ ಡಿಸೆಂಬರಿನಲ್ಲಿ ಕಾನ್ ಕಟ್ಟಿದ 18 ವಸತಿಗೃಹಗಳಲ್ಲಿ 14ನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆ ಹೊರಬಿದ್ದಿತು. ಜಗತ್ತಿನ ನಾನಾ ಕಡೆಗಳಿಂದ ವಿರೋಧ ಬಂದುದರಿಂದ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆದರೆ 2022ರ ನವೆಂಬರಿನಲ್ಲಿ, ಕೆಲವು ಕಟ್ಟಡಗಳನ್ನು ದುರಸ್ತಿಯಿಂದ ಉಳಿಸಲಾಗದು, ಮರಳಿ ಕಟ್ಟಲೇಬೇಕು ಎಂಬ ಪ್ರಕಟಣೆ ಬಂದಿತು. ಸಂಸ್ಥೆ ಕೊಡುವ ಕಾರಣಗಳು ಹಗುರವಾದುವಲ್ಲ. ಇಟ್ಟಿಗೆಗಳು ಸವೆದಿವೆ, ನೀರು ಇಳಿಯುತ್ತದೆ, ಒಳಗಿನ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಉಬ್ಬುತ್ತವೆ. 2001ರ ಭೂಕಂಪದ ಪೆಟ್ಟೂ ಇದೆ. ಮಕ್ಕಳನ್ನು ಅಲ್ಲಿಗೆ ಕಳುಹಿಸಿದ ತಾಯಿತಂದೆಗಳಿಗೆ ಕಮಾನಿನ ಕೀರ್ತಿಗಿಂತ ಮಗನ ನೆತ್ತಿಯ ಮೇಲಿನ ಸೂರು ದೊಡ್ಡದು. ಆದರೆ ಅದೇ ಆವರಣದ ಗ್ರಂಥಾಲಯವನ್ನು ಬೃಂದಾ ಸೋಮಯ್ಯ ಅವರ ಸಂಸ್ಥೆ ಜೋಪಾನವಾಗಿ ದುರಸ್ತಿ ಮಾಡಿ 2019ರಲ್ಲಿ ಯುನೆಸ್ಕೊ ಪ್ರಶಸ್ತಿಯನ್ನು ಪಡೆದುದೂ ಸುಳ್ಳಲ್ಲ. ಉಳಿಸುವ ವಿದ್ಯೆ ಇದೆ; ಅದಕ್ಕೆ ತಗಲುವ ಹಣವೂ ತಾಳ್ಮೆಯೂ ಎಲ್ಲಿಯವರೆಗೆ ಒದಗುತ್ತವೆ ಎಂಬುದೇ ಪ್ರಶ್ನೆ.

ಹೊರರೂಪವನ್ನು ಹಾಗೆಯೇ ಇಟ್ಟು ಒಳಗೆ ಹೊಸದನ್ನು ಕಟ್ಟಿದರೆ ಸಾಲದೆ ಎಂದು ಕೇಳುವವರುಂಟು. ಸಾಲದು. ಈ ಗೋಡೆಗಳ ಚೆಲುವು ಅವುಗಳ ಮುಖದಲ್ಲಿ ಮಾತ್ರ ಇಲ್ಲ. ಗೋಡೆಯ ದಪ್ಪದಲ್ಲಿ, ಮೊಗಸಾಲೆಯ ಆಳದಲ್ಲಿ, ಗಾಳಿ ನುಗ್ಗುವ ದಿಕ್ಕಿನಲ್ಲಿ, ಇಟ್ಟಿಗೆಯನ್ನು ಒಂದೊಂದಾಗಿ ಇಟ್ಟ ಮೇಸ್ತ್ರಿಯ ಕೈಯಲ್ಲಿ ಅದು ಇದೆ. ಇಂದು ಅದೇ ಊರಿನ ಹೊಸ ರಸ್ತೆಗಳಲ್ಲಿ ಗಾಜಿನ ಗೋಡೆಯ ಕಟ್ಟಡಗಳು ಏಳುತ್ತಿವೆ. ಒಳಗೆ ತಂಪಿನ ಯಂತ್ರ ನಿಂತರೆ ಒಂದು ಗಳಿಗೆ ಕುಳಿತಿರುವುದೂ ಕಷ್ಟ. ಬೇಸಗೆ ವರ್ಷದಿಂದ ವರ್ಷಕ್ಕೆ ಉಗ್ರವಾಗುತ್ತಿರುವ ಕಾಲದಲ್ಲಿ, ಯಂತ್ರವಿಲ್ಲದೆ ನೆರಳನ್ನು ಕಟ್ಟುವ ವಿದ್ಯೆಯನ್ನು ಕಳೆದುಕೊಳ್ಳುವುದು ಅಹಮದಾಬಾದಿಗೆ ಮಾತ್ರ ಆಗುವ ನಷ್ಟವಲ್ಲ.

ಅಹಮದಾಬಾದಿಗೆ ಹೋಗುವವರು ಒಂದು ದಿನವನ್ನಾದರೂ ಪಶ್ಚಿಮದ ದಡಕ್ಕೆ ಮೀಸಲಿಡಬೇಕು. ಬೆಳಗ್ಗೆ ಆಶ್ರಮ, ಅಲ್ಲಿಂದ ಗಿರಣಿ ಮಾಲೀಕರ ಭವನ, ಇಳಿಹೊತ್ತಿಗೆ ಕಾನ್ ಕಟ್ಟಿದ ಆವರಣ. ಇದಕ್ಕೆ ಮೊದಲೇ ಅನುಮತಿ ಪಡೆದಿರುವುದು ಒಳ್ಳೆಯದು. ಸಾಧ್ಯವಾದರೆ ಬೇಸಗೆಯಲ್ಲಿಯೇ ಹೋಗಬೇಕು. ತಂಪುಗಾಲದಲ್ಲಿ ಈ ಕಟ್ಟಡಗಳು ನೋಡಲು ಚೆನ್ನ; ಉರಿಬಿಸಿಲಿನಲ್ಲಿ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಾಗಲೇ ಅವು ಏಕೆ ಹಾಗಿವೆ ಎಂಬುದು ಮೈಗೆ ತಿಳಿಯುತ್ತದೆ.