ಸಯನ್‌ನ ಮಳೆಯಲ್ಲಿ ಒಂದು ಬಾಟಲಿ ರಕ್ತ

ಅತ್ತಿಗೆಯ ಚೊಚ್ಚಲ ಹೆರಿಗೆ ತವರಿನಲ್ಲೇ ಆಯಿತು, ಉಡುಪಿಯ ಹತ್ತಿರ. ಗಂಡುಮಗು, ಮೂರು ಕಿಲೋ ತೂಕ, ಗಟ್ಟಿ ಅಳು. ಬಾಣಂತನ ಮುಗಿಸಿ ಮಗುವನ್ನು ಎತ್ತಿಕೊಂಡು ಮುಂಬಯಿಯ ಸಯನ್‌ಗೆ ಬಂದಾಗ ಜೊತೆಗೆ ತಂದ ಡಿಸ್ಚಾರ್ಜ್ ಚೀಟಿಯಲ್ಲಿ ರಕ್ತದ ಗುಂಪು ಬರೆಯುವ ಜಾಗ ಖಾಲಿ ಇತ್ತು. ಅದು ನಮ್ಮ ಕಣ್ಣಿಗೆ ಬಿದ್ದದ್ದು ಮೂರು ವರ್ಷ ಕಳೆದ ಮೇಲೆ, 1988ರಲ್ಲಿ.

ಎರಡನೆಯ ಬಸಿರಿಗೆ ಊರಿಗೆ ಹೋಗುವುದು ಬೇಡ ಎಂದು ಅಣ್ಣ ಸಯನ್ ಆಸ್ಪತ್ರೆಯಲ್ಲೇ ಹೆಸರು ಬರೆಸಿದ. ಲೋಕಮಾನ್ಯ ತಿಲಕ್ ಮುನ್ಸಿಪಲ್ ಜನರಲ್ ಆಸ್ಪತ್ರೆ ಎಂಬ ಉದ್ದದ ಹೆಸರು ಬೋರ್ಡಿನಲ್ಲಿ ಮಾತ್ರ. ಧಾರಾವಿಯಿಂದ ಚೆಂಬೂರಿನವರೆಗೆ ಎಲ್ಲರ ಬಾಯಲ್ಲೂ ಅದು ಸಯನ್ ಹಾಸ್ಪಿಟಲ್. ರಕ್ತಪರೀಕ್ಷೆಯ ವರದಿ ಬಂತು. ಅತ್ತಿಗೆ ಬಿ ನೆಗೆಟಿವ್, ಅಣ್ಣ ಬಿ ಪಾಸಿಟಿವ್. ಡಾಕ್ಟರು ಮೊದಲು ಕೇಳಿದ್ದು ಒಂದೇ ಮಾತು: "ಮೊದಲ ಹೆರಿಗೆಯಾದ ಮೂರು ದಿನದೊಳಗೆ ಇವರಿಗೆ ಇಂಜೆಕ್ಷನ್ ಕೊಟ್ಟಿದ್ದರಾ?" ಅಣ್ಣ ಅತ್ತಿಗೆಯ ಕಡೆ ನೋಡಿದ. ಅಂಥ ಇಂಜೆಕ್ಷನ್ ಒಂದಿದೆ ಎಂದೇ ಅವರಿಬ್ಬರಿಗೂ ಯಾರೂ ಹೇಳಿರಲಿಲ್ಲ. ಆಮೇಲೆ ಕೂಂಬ್ಸ್ ಟೆಸ್ಟ್ ಅಂತ ಇನ್ನೊಂದು ಪರೀಕ್ಷೆ. ಅದೂ ಪಾಸಿಟಿವ್. ತಿಂಗಳು ಬಿಟ್ಟು ಮತ್ತೆ ಮಾಡಿದಾಗ ಅಂಕಿ ಏರಿತ್ತು.

ನಮ್ಮ ಅಮ್ಮ ಆಗ ಊರಿಂದ ಬಂದು ಜೊತೆಗಿದ್ದರು. ನಾಗನ ದೋಷ ಎಂದರು, ಸೊಸೆಯ ಜಾತಕ ಎಂದರು. ಅತ್ತಿಗೆ ಅಡುಗೆಮನೆಯಲ್ಲಿ ಒಬ್ಬರೇ ಕೂತು ಅಳುತ್ತಿದ್ದುದನ್ನು ನಾನು ನೋಡಿದ್ದೇನೆ. ಆ ಮನೆಯ ಗಾಳಿ ಬದಲಾದದ್ದು ಓಪಿಡಿಯಲ್ಲಿದ್ದ ಮಂಗಳೂರು ಕಡೆಯ ಒಬ್ಬ ಸಿಸ್ಟರಿಂದ. ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಕನ್ನಡದಲ್ಲೇ ವಿವರಿಸಿದರು. ಕೆಂಪು ರಕ್ತಕಣದ ಮೈಮೇಲೆ 'ಡಿ' ಎಂಬ ಗುರುತೊಂದು ಇರುತ್ತದೆ, ಅದಿದ್ದವರು ಪಾಸಿಟಿವ್. ನಮ್ಮ ಜನರಲ್ಲಿ 100ಕ್ಕೆ ಸುಮಾರು 5 ಮಂದಿಗೆ ಅದಿರುವುದಿಲ್ಲ, ಯುರೋಪಿನವರಲ್ಲಿ 15 ಮಂದಿಗೆ ಇರುವುದಿಲ್ಲ. ಅದಿಲ್ಲದ್ದು ರೋಗವೂ ಅಲ್ಲ, ಕೊರತೆಯೂ ಅಲ್ಲ.

ಅಮ್ಮ ಸುಮ್ಮನೆ ಕೇಳಿ ಕೊನೆಗೆ ಒಂದು ಪ್ರಶ್ನೆ ಹಾಕಿದರು. "ಹಾಗಾದ್ರೆ ದೊಡ್ಡವನಿಗೆ ಯಾಕೆ ಏನೂ ಆಗ್ಲಿಲ್ಲ?"

ಶಾಲೆಯ ಮೆಟ್ಟಿಲು ಹತ್ತದ ಅಮ್ಮ ಕೇಳಿದ ಆ ಪ್ರಶ್ನೆಯೇ ಇಡೀ ವಿಷಯದ ಬುಡ. ಸಿಸ್ಟರಿಗೆ ಖುಷಿಯಾಯಿತು. "ನೋಡಿ ಅಮ್ಮಾ, ನಿಮ್ಮ ಬಿಲ್ಡಿಂಗಿನ ಗೂರ್ಖಾ ಹೊಸಬನೊಬ್ಬ ಬಂದು ಹೋಗುವಷ್ಟರಲ್ಲಿ ಅವನ ಮುಖ ಗುರುತಿಟ್ಟುಕೊಳ್ತಾನೆ. ಎರಡನೇ ಸಲ ಬಂದರೆ ಗೇಟಿನಲ್ಲೇ ಹಿಡೀತಾನೆ. ದೊಡ್ಡವನು ಹುಟ್ಟುವಾಗ ಅವನ ರಕ್ತದ ನಾಲ್ಕು ಹನಿ ತಾಯಿಯ ಮೈಗೆ ಸೇರಿದೆ. ತಾಯಿಯ ಮೈ ಅದನ್ನು ಹೊರಗಿನದು ಎಂದು ಗುರುತಿಟ್ಟು ಅದನ್ನು ಒಡೆಯುವ ಪ್ರತಿಕಾಯ ತಯಾರಿಸುವಷ್ಟರಲ್ಲಿ ಅವನು ಹೊರಗೆ ಬಂದಾಗಿತ್ತು. ಈಗಿನ ಮಗುವಿಗೆ ಆ ಪ್ರತಿಕಾಯ ಮಾಸಿನ ಮೂಲಕ ದಾಟಿ ಹೋಗ್ತಿದೆ. ಮಗುವಿನ ರಕ್ತಕಣ ಒಡೀತಿದೆ." ಅಮ್ಮ ಮನೆಗೆ ಬಂದು ಅತ್ತಿಗೆಯ ಪಕ್ಕ ಕೂತರು. ಜಾತಕದ ಮಾತು ಆಮೇಲೆ ಎತ್ತಲಿಲ್ಲ.

ಜುಲೈಯಲ್ಲಿ, ದಿನ ತುಂಬುವ ಮೊದಲೇ, ಡಾಕ್ಟರರು ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು. ಎರಡು ಕಿಲೋಗೆ ಸ್ವಲ್ಪ ಮೇಲೆ. ಬೆಳಿಗ್ಗೆ ಹುಟ್ಟಿದಾಗ ಬಿಳಿಚಿಕೊಂಡಿದ್ದ ಮಗು ಮಧ್ಯಾಹ್ನಕ್ಕೆ ಅರಿಶಿನ ಬಣ್ಣಕ್ಕೆ ತಿರುಗಿತು. ಹುಟ್ಟಿದ ಮೂರು ನಾಲ್ಕು ದಿನಕ್ಕೆ ಎಷ್ಟೋ ಮಕ್ಕಳಿಗೆ ಕಾಮಾಲೆ ಕಾಣುತ್ತದೆ, ತಾನಾಗಿ ಹೋಗುತ್ತದೆ. ಮೊದಲ ದಿನವೇ ಕಂಡರೆ ಹಾಗಲ್ಲ. ಒಡೆದ ರಕ್ತಕಣದ ಹಳದಿ ಬಿಲಿರುಬಿನ್ ಏರುತ್ತ ಹೋಗಿ ಮಿದುಳಿಗೆ ಹತ್ತಿದರೆ ಜೀವ ಉಳಿದರೂ ಕಿವಿ ಹೋಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು. ಮಗುವಿನ ರಕ್ತವನ್ನೇ ಬದಲಾಯಿಸಬೇಕು ಎಂದರು. ಓ ನೆಗೆಟಿವ್ ಇಲ್ಲವೇ ಬಿ ನೆಗೆಟಿವ್ ಬೇಕು, ಹೊಸದಾಗಿ ತೆಗೆದದ್ದೇ ಆಗಬೇಕು. ಆ ದಿನ ಅಂಥದ್ದು ಸ್ಟಾಕಿನಲ್ಲಿರಲಿಲ್ಲ.

ಅಣ್ಣ ತೋಳು ಮಡಚಿ ನಿಂತಿದ್ದ. "ನನ್ನದೇ ಮಗು, ನನ್ನ ರಕ್ತ ತಗೊಳ್ಳಿ." ಕಿರಿಯ ಡಾಕ್ಟರು ಅಷ್ಟು ಗಡಿಬಿಡಿಯಲ್ಲೂ ನಿಂತು ಹೇಳಿದರು: ತಾಯಿಯಿಂದ ಬಂದ ಪ್ರತಿಕಾಯ ಇನ್ನೂ ಮಗುವಿನ ಮೈಯಲ್ಲೇ ಇದೆ, ಪಾಸಿಟಿವ್ ರಕ್ತ ಕೊಟ್ಟರೆ ಅದನ್ನೂ ಒಡೆಯುತ್ತದೆ. ನೆಗೆಟಿವ್ ಕಣದಲ್ಲಿ ಡಿ ಇಲ್ಲ, ಅದನ್ನು ಮುಟ್ಟುವುದಿಲ್ಲ. ವಾರಗಳು ಕಳೆದು ಪ್ರತಿಕಾಯ ಕರಗಿದ ಮೇಲೆ ಮಗು ತನ್ನದೇ ಪಾಸಿಟಿವ್ ರಕ್ತ ತಯಾರಿಸಿಕೊಳ್ಳುತ್ತದೆ. ತಂದೆಯ ರಕ್ತ ಮಗುವಿಗಾಗದು ಎಂಬ ಮಾತು ಅಣ್ಣನ ಎದೆಗೆ ಇಳಿಯಲು ಹೊತ್ತು ಹಿಡಿಯಿತು.

ಆ ಕಾಲದಲ್ಲಿ ಮುಂಬಯಿಯಲ್ಲಿ ರಕ್ತ ಮಾರಿ ಬದುಕುವವರಿದ್ದರು. ಒಬ್ಬ ಗೇಟಿನ ಹೊರಗೆ ನನ್ನ ಹಿಂದೆ ಬಿದ್ದ. ಅವನ ರೇಟು ನನ್ನ ಸಂಬಳಕ್ಕಿಂತ ಹೆಚ್ಚಿತ್ತು. ಯಾವ ಗುಂಪು ಎಂದು ಕೇಳಿದರೆ ನಿಮಗೆ ಬೇಕಾದ್ದು ಎಂದ. ಅಂಥ ವ್ಯಾಪಾರಕ್ಕೆ ತಡೆ ಬಿದ್ದದ್ದು 1996ರ ಸುಪ್ರೀಂ ಕೋರ್ಟ್ ತೀರ್ಪಿನಿಂದ, ಪೂರಾ ನಿಷೇಧ ಜಾರಿಯಾದದ್ದು 1998ರ ಜನವರಿ 1ರಿಂದ.

ಸಂಜೆಯಿಂದ ಮಳೆ ಬಿಟ್ಟಿರಲಿಲ್ಲ. ಕುರ್ಲಾ ಕಡೆ ಹಳಿಯ ಮೇಲೆ ನೀರು, ಲೋಕಲ್ ನಿಂತಿತ್ತು. ನಾನು ನಡೆದೇ ಹೊರಟೆ, ಗಾಂಧಿ ಮಾರ್ಕೆಟ್ ಹತ್ತಿರ ಸೊಂಟದವರೆಗಿನ ನೀರಿನಲ್ಲಿ. ದಾರಿಯ ಉಡುಪಿ ಹೋಟೆಲುಗಳ ಗಲ್ಲಾದಲ್ಲಿ ಕೇಳುತ್ತ ಹೋದೆ. ಒಬ್ಬರು ತಮ್ಮ ಫೋನಿನಿಂದ ಗುರುತಿದ್ದವರಿಗೆಲ್ಲ ಡಯಲ್ ಮಾಡಿದರು. ಕೊನೆಗೆ ಹೊಳೆದದ್ದು ಕನ್ನಡ ರಾತ್ರಿಶಾಲೆ. ಹಗಲಿಡೀ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಪುಸ್ತಕ ಹಿಡಿದು ಕೂರುವ ನಮ್ಮೂರ ಹುಡುಗರು ಅಷ್ಟು ಮಂದಿ ಒಟ್ಟಿಗೆ ಬೇರೆಲ್ಲಿ ಸಿಗುತ್ತಾರೆ? ಮೇಷ್ಟ್ರು ಪಾಠ ನಿಲ್ಲಿಸಿ ಕೇಳಿದರು. ಹೆಚ್ಚಿನವರಿಗೆ ತಮ್ಮ ಗುಂಪೇ ಗೊತ್ತಿಲ್ಲ. ಹಿಂದಿನ ಬೆಂಚಿನಿಂದ ಕುಂದಾಪುರ ಕಡೆಯ ಒಬ್ಬ ಎದ್ದ. ಹಿಂದೊಮ್ಮೆ ಜೊತೆಯವನಿಗೆ ಅಪಘಾತವಾದಾಗ ರಕ್ತ ಕೊಡಲು ಹೋಗಿದ್ದನಂತೆ. ಆಗ ಸಿಕ್ಕ ಕಾರ್ಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿನಲ್ಲಿತ್ತು. ಓ ನೆಗೆಟಿವ್. ವಯಸ್ಸು ಕೇಳಿದೆ, ಹತ್ತೊಂಬತ್ತು ಎಂದ. "ಹೋಪ ಮಾರಾಯ್ರೆ, ಮಾತಾಡ್ತಾ ನಿಂತ್ರೆ ಹೊತ್ತಾತ್ತ್" ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ನಡೆದೇಬಿಟ್ಟ.

ಅವನ ರಕ್ತವನ್ನು ತಾಯಿಯ ಸೀರಮ್ಮಿನ ಜೊತೆ ತಾಳೆ ನೋಡಿದರು. ಹೊಂದಿತು. ಒಂದು ಬಾಟಲಿ, 350 ಎಂಎಲ್. ಆ ಪುಟ್ಟ ಮೈಯಲ್ಲಿ ಇದ್ದ ಒಟ್ಟು ರಕ್ತ 170 ಎಂಎಲ್ ಆಸುಪಾಸು. ಅದರ ಎರಡರಷ್ಟನ್ನು ಬದಲಿಸಿದರೆ ಹಳೆಯ ಕಣಗಳಲ್ಲಿ 100ಕ್ಕೆ ಹೆಚ್ಚುಕಡಿಮೆ 85 ಪಾಲು ಹೊರಗೆ ಹೋಗುತ್ತದೆ ಎಂಬುದು ಲೆಕ್ಕ. ಬಾಗಿಲ ಗಾಜಿನಿಂದ ನನಗೆ ಸ್ವಲ್ಪ ಕಾಣುತ್ತಿತ್ತು. ಹೊಕ್ಕುಳಿನ ರಕ್ತನಾಳದೊಳಗೆ ಸಣ್ಣ ಕೊಳವೆ. ಸಿರಿಂಜಿನಿಂದ 10 ಎಂಎಲ್ ಎಳೆಯುವುದು, ಚೆಲ್ಲುವುದು, ಬೆಚ್ಚಗಿನ ಹೊಸ ರಕ್ತ 10 ಎಂಎಲ್ ನಿಧಾನ ಒಳಗೆ ಬಿಡುವುದು. ಸಿಸ್ಟರ್ ಪ್ರತಿ ಸಲ ಗಟ್ಟಿಯಾಗಿ ಹೇಳಿ ಹಾಳೆಯಲ್ಲಿ ಬರೆಯುತ್ತಿದ್ದರು: ಹೊರಗೆ ಹತ್ತು, ಒಳಗೆ ಹತ್ತು. ಒಂದು ಸಲ ಲೆಕ್ಕ ತಪ್ಪಿದರೂ ಆ ಹೃದಯ ತಡೆಯದು. ಎರಡು ಗಂಟೆ ಡಾಕ್ಟರು ತಲೆ ಎತ್ತಲಿಲ್ಲ. ಮುಗಿದ ಮೇಲೆ ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ಆ ಬೆಳಕಿಗೂ ಒಂದು ಕಥೆಯಿದೆ: 1950ರ ದಶಕದಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ಜೀನ್ ವಾರ್ಡ್ ಕಾಮಾಲೆಯ ಕೂಸುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದರು, ಬಿಸಿಲು ತಾಗಿದ ಕಡೆ ಹಳದಿ ಇಳಿದದ್ದನ್ನು ಕಂಡರು. ಅಲ್ಲಿಂದ ಬಂದ ದೀಪ ಇದು.

ಕುಂದಾಪುರದ ಹುಡುಗ ಚಹಾ, ಬಿಸ್ಕತ್ತಿನ ಹೊರತು ಏನನ್ನೂ ಮುಟ್ಟಲಿಲ್ಲ. ಬೆಳಗಿನ ನಾಲ್ಕಕ್ಕೆ ಹೋಟೆಲಿನ ಒಲೆ ಹಚ್ಚಬೇಕು ಎಂದು ಮಳೆಯಲ್ಲೇ ಹೊರಟುಹೋದ.

ಆಮೇಲೆ ನಾನು ಈ ವಿಷಯ ಓದುತ್ತ ಹೋದೆ. ಓದಿದಷ್ಟೂ ಸಂಕಟವಾಯಿತು. 1939ರಲ್ಲಿ ಲೆವಿನ್ ಮತ್ತು ಸ್ಟೆಟ್ಸನ್, ನ್ಯೂಯಾರ್ಕಿನಲ್ಲಿ ಸತ್ತ ಮಗು ಹೆತ್ತ ಒಬ್ಬ ತಾಯಿಗೆ ಗಂಡನ ರಕ್ತ ಕೊಟ್ಟಾಗ ಅದು ಒಗ್ಗದೆ ಹೋದದ್ದನ್ನು ಬರೆದಿಟ್ಟಿದ್ದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್, ರಕ್ತಕಣದ ಆ ಗುರುತನ್ನು ರೀಸಸ್ ಕೋತಿಯ ಹೆಸರಿನಿಂದ ಆರ್‌ಎಚ್ ಎಂದು ಕರೆದರು. ರಕ್ತದ ವಿದ್ಯೆಯಲ್ಲಿ ನಮ್ಮ ಮುಂಬಯಿಯೇನೂ ಹಿಂದಿರಲಿಲ್ಲ. ಸಯನ್‌ನಿಂದ ಮೂರನೇ ಸ್ಟೇಷನ್ ಪರೇಲ್; ಅಲ್ಲಿಂದಲೇ 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಜೊತೆಗಾರರು ಲೋಕಕ್ಕೆ ತಿಳಿಸಿದ ಅಪರೂಪದ ಗುಂಪಿಗೆ ಇಂದಿಗೂ ಜಗತ್ತಿನಲ್ಲೆಲ್ಲ ಬಾಂಬೆ ಎಂದೇ ಹೆಸರು. ಇನ್ನು ಆ ಇಂಜೆಕ್ಷನ್, ಆಂಟಿ-ಡಿ: ಲಿವರ್‌ಪೂಲ್ ಮತ್ತು ನ್ಯೂಯಾರ್ಕಿನಲ್ಲಿ ಪ್ರಯೋಗವಾಗಿ, 1968ರಲ್ಲೇ ಅಮೆರಿಕದಲ್ಲಿ ಪರವಾನಗಿ ಪಡೆದಿತ್ತು. ಹೆರಿಗೆಯಾಗಿ 72 ಗಂಟೆಯೊಳಗೆ ಕೊಟ್ಟರೆ, ತಾಯಿಯ ಮೈ ಮಗುವಿನ ರಕ್ತವನ್ನು ಗುರುತಿಸುವ ಮೊದಲೇ ಅದನ್ನು ತೊಡೆದುಹಾಕುತ್ತದೆ. ಒಮ್ಮೆ ಗುರುತು ಹತ್ತಿದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ನಮ್ಮ ಹುಡುಗಿ ಹುಟ್ಟುವುದಕ್ಕೆ 20 ವರ್ಷ ಮೊದಲೇ ಮದ್ದು ಇತ್ತು. ಅತ್ತಿಗೆಯ ಮೊದಲ ಹೆರಿಗೆಯ ಹೊತ್ತಿಗೆ ಒಂದು ಹನಿ ರಕ್ತದ ಪರೀಕ್ಷೆ, ಒಂದು ಸೂಜಿ, ಇಷ್ಟೇ ಸಾಕಿತ್ತು. ದುಬಾರಿಯಾಗಿತ್ತು, ನಿಜ. ಹೇಳಿದ್ದರೆ ಅಣ್ಣ ಸಾಲ ಮಾಡಿಯಾದರೂ ತರುತ್ತಿದ್ದ.

ಆ ಸೂಜಿಯಲ್ಲಿದ್ದುದೂ ಮನುಷ್ಯರು ಕೊಟ್ಟದ್ದೇ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬವರ ಪ್ಲಾಸ್ಮಾದಲ್ಲಿ ಈ ಪ್ರತಿಕಾಯ ಹೇರಳವಾಗಿತ್ತು. ಅವರು 1,100ಕ್ಕೂ ಹೆಚ್ಚು ಸಲ ದಾನ ಮಾಡಿದರು, ಅದರಿಂದ 24 ಲಕ್ಷ ಮಕ್ಕಳಿಗೆ ರಕ್ಷಣೆ ಸಿಕ್ಕಿತೆಂದು ಅಲ್ಲಿನವರ ಅಂದಾಜು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಓದಿ ಅತ್ತಿಗೆಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹುಡುಗಿ ಚೆನ್ನಾಗಿದ್ದಾಳೆ, ಕಿವಿ ಚುರುಕು, ಈಗ ಅವಳಿಗೂ ಇಬ್ಬರು ಮಕ್ಕಳು. ಅವಳದು ಪಾಸಿಟಿವ್, ಹಾಗಾಗಿ ಅವಳಿಗೆ ಈ ಚಿಂತೆ ಬರಲಿಲ್ಲ. ದೊಡ್ಡವನ ಹೆಂಡತಿಯದು ನೆಗೆಟಿವ್. ಅವಳಿಗೆ ಮೊದಲ ಸಲ ಮೂರು ತಿಂಗಳಲ್ಲೇ ಗರ್ಭ ಇಳಿದುಹೋಯಿತು. ಎಲ್ಲರೂ ದುಃಖದಲ್ಲಿದ್ದಾಗ ಅತ್ತಿಗೆ ಒಬ್ಬರೇ ಡಾಕ್ಟರ ಕೋಣೆಗೆ ಹೋಗಿ, "ಇವಳ ರಕ್ತ ನೆಗೆಟಿವ್. ಗರ್ಭ ಇಳಿದರೂ ಆ ಸೂಜಿ ಬೇಕಲ್ಲವಾ?" ಎಂದು ಕೇಳಿದರು. ಡಾಕ್ಟರು ಆಗಲೇ ಬರೆದಿದ್ದ ಚೀಟಿ ತೋರಿಸಿದರು. ಅತ್ತಿಗೆ ಅದನ್ನು ಎರಡು ಸಲ ಓದಿ, ತಾವೇ ಔಷಧದಂಗಡಿಗೆ ಹೋದರು.