ಜೇಡಿಮಣ್ಣಿನ ಮಗಳು

ಮೊನ್ನೆ ರಜೆಯ ಮಧ್ಯಾಹ್ನ ನನ್ನ ಮಗಳು ಚಿತ್ರಕಥೆಯ ಪುಸ್ತಕವೊಂದನ್ನು ಮೇಜಿನ ಮೇಲೆ ಕುಕ್ಕಿ, "ಅಪ್ಪಾ, ಇದು ಮೋಸ" ಎಂದಳು. ಉತ್ತರಪತ್ರಿಕೆಗಳ ರಾಶಿಯಿಂದ ಬಿಡುಗಡೆ ದೊರೆತುದಕ್ಕೆ ಸಂತೋಷಪಟ್ಟು ವಿಚಾರಿಸಿದೆ.

ಮೋಸಹೋದವಳು ವಂಡರ್ ವುಮನ್. ಮನೋವಿಜ್ಞಾನಿ ವಿಲಿಯಂ ಮೌಲ್ಟನ್ ಮಾರ್ಸ್ಟನ್ 1941ರಲ್ಲಿ ಲೋಕಕ್ಕೆ ತಂದ ಈ ಅಮೆರಿಕದ ವೀರವನಿತೆಯ ಜನ್ಮವೃತ್ತಾಂತ ಬಹುಕಾಲ ಹೀಗಿತ್ತು: ಗಂಡಸರಿಲ್ಲದ ದ್ವೀಪದ ರಾಣಿ ಹಿಪ್ಪೊಲಿಟಾ ಮಗುವಿನ ಹಂಬಲದಿಂದ ಜೇಡಿಮಣ್ಣಿನ ಬೊಂಬೆ ಮಾಡಿದಳು, ದೇವತೆಗಳ ವರದಿಂದ ಅದಕ್ಕೆ ಜೀವ ಬಂತು. ಗೌರಿ ತನ್ನ ಮೈಯ ಮಣ್ಣಿನಿಂದ ಗಣಪನನ್ನು ಮಾಡಿದ ಕಥೆ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ. 2011ರಲ್ಲಿ ಕಥೆಯನ್ನು ಮೊದಲಿನಿಂದ ಬರೆಯಹೊರಟ ಬ್ರಯಾನ್ ಅಝರೆಲ್ಲೊ, ಆಕೆ ಜೀಯಸ್ ದೇವನ ಮಗಳು. ಮಣ್ಣಿನ ಕಥೆ ಹೇರಾದೇವಿಯ ಕೋಪದಿಂದ ಮಗುವನ್ನು ಕಾಪಾಡಲು ಕಟ್ಟಿದ ಸುಳ್ಳು ಎಂದುಬಿಟ್ಟ.

"ಕವಿಗೆ ಆ ಅಧಿಕಾರವಿದೆ ಮಗೂ. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕೊಡಲಿಲ್ಲವೆ?" ಎಂದು ಮೇಷ್ಟರ ಗತ್ತಿನಲ್ಲಿ ಸಮಾಧಾನ ಹೇಳಿದೆ.

"ಸರಿ, ಆ ಮಣ್ಣು ಕಲಸಿದ ಕೈ ಎಲ್ಲಿ ಹೋಯಿತು?" ಎಂದಳು.

ನಾನು ಸುಮ್ಮನಾದೆ. ನಮ್ಮಪ್ಪ ಮನೆ ಬಿಟ್ಟು ಹೋದಾಗ ನನಗೆ ಮೂರು ವರ್ಷ. ಯಾರಯಾರದೋ ಮನೆಗಳಲ್ಲಿ ಹಿಟ್ಟು ನಾದಿ ನನ್ನನ್ನು ಓದಿಸಿದವಳು ಅಮ್ಮ. ಆದರೂ "ಯಾರ ಮಗನಪ್ಪಾ?" ಎಂದು ಊರಿನವರು ಕೇಳಿದಾಗಲೆಲ್ಲ ನಾನು ಹೇಳುತ್ತ ಬಂದದ್ದು ಆ ಹೋದವರ ಹೆಸರನ್ನೇ. ಅಮ್ಮ ಪಕ್ಕದಲ್ಲಿಯೇ ನಿಂತಿರುತ್ತಿದ್ದಳು. ಒಂದು ದಿನವೂ ತಿದ್ದಲಿಲ್ಲ.

ಅಝರೆಲ್ಲೊನನ್ನು ನಾನು ಯಾವ ಬಾಯಿಂದ ಬೈಯಲಿ? ಆ ಸಂಜೆ ಮಗಳನ್ನು ಹತ್ತಿರ ಕೂರಿಸಿಕೊಂಡು, ಅವಳ ಅಜ್ಜಿಯ ಕೈಗಳ ಕಥೆಯನ್ನು ಮೊದಲಿನಿಂದ ಹೇಳಿದೆ.